ಅಕ್ಕ ಒಂದು ಬರೆದರೆ ಊರೊಂದು ಕೇಳಿತು

ಒಂದು ಭಾಷೆಯ ಗೀತಸಂಪತ್ತನ್ನು ಎಣಿಸಲು ಕುಳಿತವರು ಭಾವಗೀತೆಗೆ ಮೊದಲ ಮಣೆ ಹಾಕುತ್ತಾರೆ, ಶಿಶುಗೀತೆಯನ್ನು ಅಕ್ಕರೆಯಿಂದ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಚಿತ್ರಗೀತೆಗೂ ಮೂಗು ಮುರಿಯುತ್ತಲೇ ಒಂದಿಷ್ಟು ಜಾಗ ಬಿಡುತ್ತಾರೆ. ಆದರೆ ತೊಟ್ಟಿಯ ಮುಚ್ಚಳ ಮುಚ್ಚಿ, ಒಡೆದ ಕೊಳವೆಯ ಸುದ್ದಿ ಕೂಡಲೇ ಮುಟ್ಟಿಸಿ ಎಂದು ಬೆಳಗಿನ ರೇಡಿಯೋದಲ್ಲಿ ಜನರಿಗೆ ಹೇಳಿಕೊಡುವ ಪ್ರಚಾರಗೀತೆಯನ್ನು ಯಾರೂ ಒಳಗೆ ಕರೆಯುವುದಿಲ್ಲ; ಅದು ಹೊಸ್ತಿಲಾಚೆಯೇ ನಿಂತು ಬಾಗಿಲು ತಟ್ಟುತ್ತಿರಬೇಕು. ಹಾಗೆ ಹೊರಗೆ ನಿಂತಿದ್ದ ಹಾಡನ್ನು ಊರಿನ ಪ್ರತಿಯೊಂದು ಮನೆಯ ಒಳಕೋಣೆಗೆ ಕರೆದೊಯ್ದವರು, ನಗರ ನೀರು ಸರಬರಾಜು ಕಚೇರಿಯ ಪ್ರಚಾರ ವಿಭಾಗದಲ್ಲಿ ಮೂರು ದಶಕಗಳಿಗೂ ಮೀರಿದ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲೂ ‘ಹನಿಯಕ್ಕ’ ಎಂದೇ ನೆಲೆಗೊಂಡಿರುವ ಹಿರಿಯರು. ಈ ಹೆಸರು ಅವರಿಗೆ ಮೊದಮೊದಲು ಸ್ವಲ್ಪವೂ ಹಿಡಿಸಿರಲಿಲ್ಲ ಎಂಬುದನ್ನೂ, ಅವರಿಗೆ ಕೀರ್ತಿ ತಂದ ಹಾಡಿನೊಡನೆ ಅವರು ಕೆಲಕಾಲ ಜಗಳವಾಡಿಕೊಂಡೇ ಇದ್ದರೆಂಬುದನ್ನೂ ಈ ಅಭಿನಂದನಾ ಸಂಪುಟದ ಓದುಗರು ಅರಿತಿರಬೇಕು.

ಹನಿಯಕ್ಕನವರ ತಂದೆ ನಲ್ಲಿ ರಿಪೇರಿಯವರು. ಊರಿನ ನಲ್ಲಿಗಳನ್ನೆಲ್ಲ ಸರಿಮಾಡುವವರ ಮನೆಯೇ ಕೊಳವೆ ಸಾಲಿನ ತುತ್ತತುದಿಯಲ್ಲಿತ್ತು. ಮೇಲಿನ ಮನೆಗಳವರೆಲ್ಲ ಹಿಡಿದು, ತೊಳೆದು, ಚೆಲ್ಲಿ ಉಳಿದದ್ದು ಇವರ ಪಾಲಿಗೆ ಬರುತ್ತಿತ್ತು. ಹುಡುಗಿ ಕೊಡದ ಬಾಯಿಗೆ ಕಿವಿಯಿಟ್ಟು, ನೀರು ಬೀಳುವ ಸದ್ದಿನಿಂದಲೇ ಅದೆಷ್ಟು ತುಂಬಿತೆಂದು ಹೇಳುತ್ತಿದ್ದಳಂತೆ. “ನೀರಿಗೆ ಬುದ್ಧಿ ಹೇಳೋಕಾಗಲ್ಲ ಮಗಳೇ, ಮನುಷ್ಯನಿಗೆ ಹೇಳ್ಬೇಕು. ಅವನೂ ಕೇಳ್ದಿದ್ರೆ ವಾಷರ್ ಹಾಕ್ಬೇಕು” ಎಂಬುದು ತಂದೆಯವರ ತತ್ತ್ವಜ್ಞಾನವಾಗಿತ್ತು. ಮಗಳು ವಾಷರ್ ಹಾಕುವುದನ್ನೂ ಕಲಿತರು, ಮನುಷ್ಯರಿಗೆ ಹೇಳುವ ಕೆಲಸಕ್ಕೂ ಸೇರಿದರು.

ಸೇರಿದ್ದು ಬೆರಳಚ್ಚು ಮಾಡುವವರಾಗಿ. ಕಚೇರಿಯ ಮೂರನೆಯ ಮಹಡಿಯ ಕೊನೆಯ ಕೋಣೆ. ಒಂದೇ ಕಿಟಕಿ, ಅದರಾಚೆ ಒಂದು ಇಸ್ತ್ರಿ ಅಂಗಡಿಯ ತಗಡಿನ ಚಾವಣಿ. ಅಂದಿನ ಪ್ರಕಟಣೆಗಳು “ಈ ಮೂಲಕ ಸಮಸ್ತ ನಾಗರಿಕರ ಗಮನಕ್ಕೆ ತರಬಯಸುವುದೇನೆಂದರೆ” ಎಂದು ಆರಂಭವಾಗುತ್ತಿದ್ದವು. ಅಷ್ಟು ಮುಗಿಯುವುದರೊಳಗೆ ಸಮಸ್ತ ನಾಗರಿಕರು ರೇಡಿಯೋದ ಗುಂಡಿ ತಿರುಗಿಸಿ ಆಗಿರುತ್ತಿತ್ತು. ಒಮ್ಮೆ ತೊಟ್ಟಿ ತೊಳೆಯುವ ಬಗೆಗಿನ ಪ್ರಕಟಣೆಯನ್ನು ಬೆರಳಚ್ಚಿಸುತ್ತಿದ್ದಾಗ ಇವರು ಬೇಸತ್ತು ಅದನ್ನು ನಾಲ್ಕು ಸಾಲಿನ ಹಾಡು ಮಾಡಿಟ್ಟರು. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ, ಹಾರ್ಮೋನಿಯಂ ಬಲ್ಲ ಹಿರಿಯ ಗುಮಾಸ್ತರು ಅದನ್ನು ಅಲ್ಲೇ ಗುನುಗಿದರು. ಅವರು ಅಂದಿನಿಂದ ನಮಗೆಲ್ಲ ‘ಪೆಟ್ಟಿಗೆ ಮೇಷ್ಟ್ರು’. ಸ್ವಿಚ್‌ಬೋರ್ಡಿನ ಮುಂದೆ ಕೂರುತ್ತಿದ್ದ ‘ಟೆಲಿಫೋನ್ ತಂಗಿ’ಯ ದನಿಯನ್ನು ಇಡೀ ಕಚೇರಿ ಬಲ್ಲದು, ಬೈಯಲು ಫೋನು ಮಾಡಿದವರೂ ಆ ದನಿ ಕೇಳಿ “ಪರವಾಗಿಲ್ಲಮ್ಮ, ನಾಳೆ ಬಂದ್ರೂ ಆಯ್ತು” ಎನ್ನುತ್ತಿದ್ದರು. ಆಕೆಯೇ ಹಾಡಿದರು. ಹೀಗೆ ಹುಟ್ಟಿತು ನಮ್ಮ ವಿಭಾಗದ ಗೀತತ್ರಯ. ತಂಗಿ ಚೊಚ್ಚಲ ಕೂಸಿಗೆ ಹಾಲೂಡಿಸಲು ಹೋದಾಗಲೆಲ್ಲ ಅಕ್ಕನೇ ಸ್ವಿಚ್‌ಬೋರ್ಡಿಗೆ ಕೂತು, ಪಂಪ್‌ಹೌಸು ಕೇಳಿದ ನಿರ್ದೇಶಕರಿಗೆ ಅವರ ಮಾವನವರನ್ನೇ ಜೋಡಿಸಿಕೊಟ್ಟು ಬೈಸಿಕೊಂಡರು. ಆದರೂ ಆ ಕೂಸು ನಡೆಯುವವರೆಗೆ ಆ ಕೆಲಸ ಬಿಡಲಿಲ್ಲ.

ಆ ಪ್ರಖ್ಯಾತ ಹಾಡು ಹುಟ್ಟಿದ್ದು ನಗೆಪಾಟಲಿನಿಂದ. ನೀರು ಉಳಿಸಿರೆಂದು ಊರಿಗೆಲ್ಲ ಸಾರುವ ನಮ್ಮ ಕಚೇರಿಯ ಕೈತೊಳೆಯುವ ನಲ್ಲಿಯೇ ಸದಾ ತೊಟ್ಟಿಕ್ಕುತ್ತಿತ್ತು. ದೂರು ಕೊಡಲು ಬಂದವರು ಅದನ್ನು ನೋಡಿ ನಕ್ಕುಹೋದ ದಿನ ಹನಿಯಕ್ಕನವರ ಮುಖ ಕೆಂಪಾಯಿತು. ಅವರು ಮನೆಯಿಂದ ತಂದೆಯ ಪಾನಾ ತಂದು ನಲ್ಲಿಯನ್ನು ತಾವೇ ಸರಿಪಡಿಸಿ, ಒದ್ದೆ ಕೈಯಲ್ಲೇ ಕೂತು ಬರೆದ ಪಲ್ಲವಿ ಇದು:

ಹನಿ ಹನಿಯಾಗಿ ಹೋಗಬೇಡ,
ಹಿಡಿದಿಟ್ಟುಕೋ ನಿನ್ನ ನೀನು;
ನಾಳೆಗೂ ಬೇಕು ನಮಗೆ ನೀನು,
ನಾಡಿದ್ದಿಗೂ ಬೇಕು ನೀನು.

ಹೇಳಿದ್ದು ನೀರಿಗೆ. ಅದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಚಪ್ಪಾಳೆ ತಟ್ಟುತ್ತಾ ಹಾಡುವಂಥ ಚುರುಕಿನ ಮಟ್ಟು ಬೇಕೆಂದು ಅವರು ಕೇಳಿಕೊಂಡರು. ಪೆಟ್ಟಿಗೆ ಮೇಷ್ಟ್ರ ಬೆರಳುಗಳು ಮಾತ್ರ ಯಾಕೋ ನಿಧಾನಕ್ಕೆ ಇಳಿದವು. “ಇದೇನ್ ಮೇಷ್ಟ್ರೇ, ಲಾಲಿ ಹಾಡಿದಂಗಿದೆ! ನಲ್ಲಿ ಮಲಗಿಸ್ಬೇಕಾ?” ಎಂದು ಇವರು ರೇಗಿದರೆ, ಅವರು ಕನ್ನಡಕದ ಮೇಲಿಂದ ನೋಡಿ, “ಬರೆದಿದ್ದು ನೀವು ತಾಯಿ. ಆದ್ರೆ ‘ನಾಡಿದ್ದಿಗೂ ಬೇಕು’ ಅನ್ನೋ ಮಾತನ್ನ ಓಡ್ತಾ ಓಡ್ತಾ ಹೇಳೋಕಾಗುತ್ತಾ?” ಎಂದರು. ಧ್ವನಿಮುದ್ರಣದ ಸಮಯ ಮುಗಿಯುತ್ತಿತ್ತು. ನಿಧಾನದ ಮಟ್ಟಿನಲ್ಲೇ ಹಾಡು ರೇಡಿಯೋದಲ್ಲಿ ಪ್ರಸಾರವಾಯಿತು.

ಆಮೇಲೆ ಆದದ್ದನ್ನು ಹಳಬರು ಇಂದಿಗೂ ಬಣ್ಣಿಸುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದುಂಟು. ಇಲ್ಲಿ ಹಾಡು ನೀರಿಗೆಳೆಯಿತು, ಜನ ಇನ್ನೆಲ್ಲಿಗೋ ಎಳೆದೊಯ್ದರು. ಕೋರಿಕೆಯ ಕಾರ್ಯಕ್ರಮದಲ್ಲಿ ಒಬ್ಬರು ಈ ಹಾಡನ್ನು ಜ್ವರದಲ್ಲಿ ಮಲಗಿದ ತಂದೆಗಾಗಿ ಕೇಳಿದರು, ಮತ್ತೊಬ್ಬರು ಪರೀಕ್ಷೆಯಲ್ಲಿ ಸೋತು ಊಟ ಬಿಟ್ಟ ತಮ್ಮನಿಗಾಗಿ ಕೇಳಿದರು. ಮುಚ್ಚಲಿದ್ದ ಒಂದು ನೂಲಿನ ಗಿರಣಿಯ ಕೆಲಸಗಾರರು ಗೇಟಿನ ಮುಂದೆ ಕೈಕೈ ಹಿಡಿದು ಇದನ್ನೇ ಹಾಡಿದರು. ಹನಿಯಕ್ಕನವರ ಅತ್ತೆಯವರಂತೂ ಸೊಸೆಯನ್ನು ಅಡುಗೆಮನೆಯ ಬಾಗಿಲಲ್ಲಿ ತಡೆದು, “ಹಿಡಿದಿಟ್ಟುಕೋ ಅಂತ ನನ್ನ ನಾಲಿಗೆಗೇ ಹೇಳಿದ್ದೀಯಲ್ಲೇ? ನೇರವಾಗಿ ಹೇಳಿದ್ರೆ ನಾನೇನು ನಿನ್ನ ನುಂಗ್ತಿದ್ನಾ?” ಎಂದು ವಿಚಾರಿಸಿಕೊಂಡರು. ಕನ್ನಡಕ ಮಾರುವ ಪತಿರಾಯರು ಇಬ್ಬರ ನಡುವೆ ಸಿಕ್ಕಿ, “ಅಮ್ಮಾ, ಅದು ನಲ್ಲಿ” ಎಂದು ಸಮಾಧಾನ ಮಾಡಿದರೆ, “ಹೌದೌದು, ನನ್ನ ಬಾಯಿ ನಲ್ಲೀನೇ” ಎಂದು ಆ ಹಿರಿಯರು ಇನ್ನಷ್ಟು ಮುನಿದರು.

ಇದನ್ನೆಲ್ಲ ಕೇಳಿ ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ಹನಿಯಕ್ಕ ಕುಗ್ಗಿದರು. ಬರೆದ ಕೆಲಸ ಕೆಟ್ಟಿತೆಂಬುದೇ ಅವರ ಕೊರಗು. ಹಾಡು ಕೇಳಿ ಜನ ಕಣ್ಣೊರೆಸಿಕೊಂಡರೇ ಹೊರತು, ಎದ್ದುಹೋಗಿ ನಲ್ಲಿ ನಿಲ್ಲಿಸಿದವರನ್ನು ಅವರು ಕಾಣಲಿಲ್ಲ. ರೇಡಿಯೋದವರು ಮಾತಿಗೆ ಕರೆದಾಗ ನೇರವಾಗಿಯೇ ಹೇಳಿದರು: “ಹಾಡಲ್ಲಿ ಬರೋ ‘ನೀನು’ ಅಂದ್ರೆ ನೀರು. ಅಪ್ಪ ಅಲ್ಲ, ತಮ್ಮ ಅಲ್ಲ, ನೀರು. ದಯವಿಟ್ಟು ಅರ್ಥ ಮಾಡ್ಕೊಳ್ಳಿ.” ಕೂಡಲೇ ಫೋನು ಬಂತು. ಆ ತುದಿಯಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು. “ಅಕ್ಕಾ, ನೀವು ನೀರಿಗೆ ಹೇಳಿರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಆವತ್ತು ಮನೇಲಿ ನೀರು ಇರ್ಲಿಲ್ಲ, ನಾನಿದ್ದೆ. ಹಾಡು ನನಗೇ ಹೇಳ್ತು, ನಾನೇ ಕೇಳ್ದೆ.” ಕಾರ್ಯಕ್ರಮ ನಡೆಸುವವರು ಸಮಯ ಸಾಧಿಸಿ ಹಾಡನ್ನೇ ಹಾಕಿಬಿಟ್ಟರು.

ಅಂದಿನ ನಿರ್ದೇಶಕರು ಶಿಸ್ತಿನವರು. “ನಮ್ದು ನೀರಿನ ಕಚೇರಿ, ಕಣ್ಣೀರಿಂದಲ್ಲ. ಹಾಡಲ್ಲಿ ನಲ್ಲಿ ಎಲ್ಲಿದೆ ತೋರ್ಸಿ” ಎಂದರು. ಹನಿಯಕ್ಕನವರಿಗೂ ಅದೇ ಬೇಕಾಗಿತ್ತು. ಸಂತೋಷದಿಂದಲೇ ಹೊಸ ಪಾಠ ಬರೆದುಕೊಟ್ಟರು:

ನಲ್ಲಿಯ ನೀರೇ ಹೋಗಬೇಡ,
ನಲ್ಲಿಯ ಕಿವಿಯ ತಿರುಗಿಸುವೆ;
ನಾಳೆಯ ಕೊಡಕೆ ಬೇಕು ನೀನು,
ನಲ್ಲಿಯ ವಾಷರು ಬದಲಿಸುವೆ.

ಅನುಮಾನಕ್ಕೆ ಎಡೆಯೇ ಇಲ್ಲದ ಹಾಡು. ಟೆಲಿಫೋನ್ ತಂಗಿ ಅದನ್ನು ಹಾಡುವಾಗ ‘ವಾಷರು’ ಬಂದಲ್ಲೆಲ್ಲ ನಕ್ಕು, ಮತ್ತೆ ಮತ್ತೆ ಮುದ್ರಿಸಬೇಕಾಯಿತು. ಹಳೆಯ ಹಾಡನ್ನು ಹಾಕಕೂಡದೆಂದು ಆದೇಶವಾಯಿತು. ಹೊಸದು ಮೊಳಗತೊಡಗಿತು. ಊರು ಅದನ್ನು ಒಂದೇ ಒಂದು ಸಲವೂ ಗುನುಗಲಿಲ್ಲ. ಅರ್ಥವಾಗದೆ ಅಲ್ಲ, ಪೂರ್ತಿ ಅರ್ಥವಾಗಿಬಿಟ್ಟಿದ್ದರಿಂದ, ಮರುಕ್ಷಣವೇ ಅದನ್ನು ಮರೆಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ದೊಡ್ಡಾಸ್ಪತ್ರೆಯ ದಾದಿಯೊಬ್ಬರು ಸಮವಸ್ತ್ರದಲ್ಲೇ ಮೂರು ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತು, “ಹಾಡು ಕೆಡಿಸಿದ್ದು ಯಾರು?” ಎಂದು ಕೇಳಿದರು.

“ಬರೆದಿದ್ದು ನಾನೇ” ಎಂದರು ಹನಿಯಕ್ಕ.

“ಬರೆದೋರನ್ನ ಕೇಳ್ಲಿಲ್ಲಮ್ಮ, ಕೆಡಿಸಿದೋರು ಯಾರು?”

“ಅದೂ ನಾನೇ.”

ದಾದಿ ಮೆಟ್ಟಿಲ ಕಡೆ ಕೈ ತೋರಿಸಿದರು. “ಹಾಗಾದ್ರೆ ನನ್ಜೊತೆ ಬನ್ನಿ” ಎಂದರು.

ಹೋದದ್ದು ಸುಟ್ಟಗಾಯಗಳ ವಾರ್ಡಿಗೆ. ಉದ್ದನೆಯ ಕೋಣೆ, ಮದ್ದಿನ ವಾಸನೆ, ಎರಡೂ ಬದಿಗೆ ಮಂಚಗಳು. ಗಾಯದ ಪಟ್ಟಿ ಬದಲಾಯಿಸುವ ಹೊತ್ತು. ದಾದಿ ಒಬ್ಬ ಕ್ರೇನ್ ಚಾಲಕನ ಬಳಿ ಕೂತು, ಪಟ್ಟಿಯ ಅಂಚನ್ನು ನೆನೆಸಿ ಬಿಡಿಸುತ್ತ ಮೆಲ್ಲಗೆ ಹಳೆಯ ಹಾಡನ್ನು ಹಾಡತೊಡಗಿದರು. ಆ ದೇಹಕ್ಕೆ ಎಷ್ಟು ನೋವಾಗುತ್ತಿತ್ತೆಂಬುದು ಹನಿಯಕ್ಕನವರಿಗೆ ಅವನ ಕಾಲ್ಬೆರಳುಗಳಲ್ಲಿ ಕಾಣುತ್ತಿತ್ತು. ‘ಹಿಡಿದಿಟ್ಟುಕೋ ನಿನ್ನ ನೀನು’ ಎಂದಾಗ ಅವನು ಮಂಚದ ಸರಳನ್ನು ಹಿಡಿದ; ‘ನಾಳೆಗೂ ಬೇಕು’ ಎಂದಾಗ ಉಸಿರು ಬಿಟ್ಟ. ಪಕ್ಕದ ಮಂಚದವರು, ಅದರ ಪಕ್ಕದವರು, ಬಾಯಿ ತೆರೆಯಲು ಆಗುವವರೆಲ್ಲ ದನಿಗೂಡಿಸಿದರು. ಪಟ್ಟಿ ಬಿಡಿಸಿ ಮುಗಿದಾಗ ಹಾಡೂ ಮುಗಿಯಿತು. ಪೆಟ್ಟಿಗೆ ಮೇಷ್ಟ್ರು ಓಡದೆ ಉಳಿಸಿಕೊಟ್ಟಿದ್ದ ನಿಧಾನ, ಗಾಯವನ್ನು ಹೆಚ್ಚು ನೋಯಿಸದೆ ಪಟ್ಟಿ ಬಿಡಿಸಲು ಬೇಕಾದ ನಿಧಾನವೇ ಆಗಿತ್ತು.

“ರೇಡಿಯೋದಲ್ಲಿ ಬಂದಾಗ ಎಲ್ರೂ ಒಟ್ಟಿಗೆ ಹಾಡ್ತಿದ್ವಿ. ಈಗ ವಾಷರ್ ಬರುತ್ತೆ” ಎಂದ ಕ್ರೇನ್ ಚಾಲಕ. ಆ ನೋವಿನಲ್ಲೂ ವಾರ್ಡು ನಕ್ಕಿತು. ನಗಲಾಗದೆ ನಿಂತಿದ್ದವರು ಒಬ್ಬರೇ.

ಮರುದಿನ ಹನಿಯಕ್ಕ ನಿರ್ದೇಶಕರ ಮುಂದೆ ನಿಂತರು. “ಸಾರ್, ಹಳೇ ಹಾಡು ವಾಪಸ್ ಹಾಕಿ. ನನ್ನ ಹೊಸ ಪಾಠ ತೆಗೆದುಹಾಕಿ.”

“ನೀವೇ ಅಲ್ವೇನ್ರೀ ರೇಡಿಯೋದಲ್ಲಿ ‘ನೀನು ಅಂದ್ರೆ ನೀರು’ ಅಂದಿದ್ದು?”

“ಹೌದು ಸಾರ್. ನಾನು ಹೇಳಿದ್ದು ಸುಳ್ಳಲ್ಲ. ಆದ್ರೆ ಪೂರ್ತಿ ನಿಜಾನೂ ಅಲ್ಲ. ನಾನು ಬರೆದಿದ್ದಷ್ಟೇ ನನಗೆ ಗೊತ್ತಿತ್ತು.”

ಹಳೆಯ ಧ್ವನಿಮುದ್ರಿಕೆಯನ್ನು ಅಳಿಸಲು ಒಪ್ಪಿಗೆ ಕೊಡಿ ಎಂದು ನಿರ್ದೇಶಕರು ಕೇಳಿದರು, ಇವರು ಒಪ್ಪಲಿಲ್ಲ. ಪ್ರಚಾರ ವಿಭಾಗಕ್ಕೆ ಮಾತು ಕೇಳುವವರು ಬೇಕೆಂದರು ನಿರ್ದೇಶಕರು. ಮಾತು ಕೇಳಿಸಿಕೊಂಡು ಬಂದೇ ಹೀಗನ್ನುತ್ತಿದ್ದೇನೆ ಎಂದರು ಇವರು. ವಾರ ಕಳೆಯುವುದರೊಳಗೆ ಹನಿಯಕ್ಕನವರನ್ನು ಮನೆಮನೆಗೆ ಹೋಗಿ ಮೀಟರ್ ಓದುವ ವಿಭಾಗಕ್ಕೆ ವರ್ಗಾಯಿಸಲಾಯಿತು. ಆ ಸಂಜೆ ಅತ್ತೆಯವರು ಸೊಸೆಯ ಕಾಲಿಗೆ ಎಣ್ಣೆ ತಿಕ್ಕುತ್ತ, “ನಾಲಿಗೆ ಹಿಡಿದಿಟ್ಟುಕೋ ಅಂತ ನನಗೆ ಹಾಡು ಬರೆದೋಳು, ನೀನು ಹಿಡಿದಿಟ್ಟುಕೊಂಡ್ಯಾ?” ಎಂದು ಕೇಳಿದರಂತೆ. ಕೇಳಿದ ದನಿಯಲ್ಲಿ ಮುನಿಸಿಗಿಂತ ಹೆಮ್ಮೆಯೇ ಹೆಚ್ಚಾಗಿತ್ತೆಂದು ಪತಿರಾಯರ ಸಾಕ್ಷ್ಯ.

ಶಿಕ್ಷೆಯೆಂದು ಕೊಟ್ಟದ್ದು ಅವರಿಗೆ ವಿದ್ಯಾಭ್ಯಾಸವಾಯಿತು. ಮೀಟರು ಓದುವವರು ಮನೆಯ ಹಿತ್ತಿಲಿಗೆ ಹೋಗುತ್ತಾರೆ, ಮೆಟ್ಟಿಲ ಕೆಳಗೆ ಬಗ್ಗುತ್ತಾರೆ. ಅವರೆದುರು ಯಾರೂ ಹಾಡು ನಿಲ್ಲಿಸುವುದಿಲ್ಲ. ನಿಷೇಧಗೊಂಡ ಹಾಡು ಹಿತ್ತಿಲುಗಳಲ್ಲಿ ಬದುಕಿತ್ತು. ಒಂದು ಮನೆಯಲ್ಲಿ ನಿವೃತ್ತ ಗಡಿಯಾರ ರಿಪೇರಿಯವರು, ನೆನಪು ಕಳೆದುಕೊಳ್ಳುತ್ತಿದ್ದ ಹೆಂಡತಿಯ ತಲೆ ಬಾಚುತ್ತ ಇದನ್ನು ಹಾಡುತ್ತಿದ್ದರು. “ಯಾರು ಬರೆದ್ರೋ ಗೊತ್ತಿಲ್ಲಮ್ಮ. ಅವರ ಮನೇಲೂ ಯಾರಿಗೋ ನೆನಪು ಹನಿಹನಿಯಾಗಿ ಸೋರ್ತಿರ್ಬೇಕು. ಇಲ್ದಿದ್ರೆ ಇಷ್ಟು ಸರಿಯಾಗಿ ಹೇಗೆ ಬರೀತಾರೆ?” ಎಂದರು. ಹನಿಯಕ್ಕ “ಇರಬಹುದು” ಎಂದಷ್ಟೇ ಹೇಳಿ, ಅವರ ಬಚ್ಚಲಿನ ನಲ್ಲಿಯ ವಾಷರು ಬದಲಿಸಿಕೊಟ್ಟು ಬಂದರು. ಅಂದಿನಿಂದ ಅವರ ಚೀಲದಲ್ಲಿ ಪಾನಾ ಇರತೊಡಗಿತು. ಯಾವ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದ್ದರೂ ಸರಿಮಾಡದೆ ಅಂಗಳ ದಾಟುತ್ತಿರಲಿಲ್ಲ. ಇನ್ನೊಂದು ಮನೆಯ ಪುಟ್ಟ ಹುಡುಗಿಯಂತೂ ಇದು ಕರಗುತ್ತಿರುವ ಐಸ್‌ಕ್ಯಾಂಡಿಗೆ ಬರೆದದ್ದೆಂದು ಪಟ್ಟು ಹಿಡಿದಿದ್ದಳು. “ಕೈಯೆಲ್ಲಾ ಅಂಟಾಗುತ್ತಲ್ಲ, ಅದಕ್ಕೇ ಹೋಗಬೇಡ ಅನ್ನೋದು” ಎಂದು ಅವಳು ಹಾಡಿನ ಕರ್ತೃವಿಗೇ ವಿವರಿಸಿದಳು. ಹನಿಯಕ್ಕ ವಿಧೇಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದರು. ಆ ದಿನಗಳಲ್ಲಿ ಅವರು ಅಷ್ಟು ಹಗುರಾಗಿ ನಗುತ್ತಿದ್ದುದನ್ನು ಸಹೋದ್ಯೋಗಿಗಳು ಹಿಂದೆಂದೂ ಕಂಡಿರಲಿಲ್ಲ.

ಮುಂದಿನ ಬೇಸಿಗೆ ಊರನ್ನು ಪರೀಕ್ಷೆಗೆ ಕೂರಿಸಿತು. ಜಲಾಶಯದ ತಳದ ಮಣ್ಣು ಬಿರುಕು ತೋರಿತು. ಕಚೇರಿ ಪ್ರಕಟಣೆಗಳ ಮೇಲೆ ಪ್ರಕಟಣೆ ಹೊರಡಿಸಿತು; ನಲ್ಲಿಯ ಕಿವಿ ತಿರುಗಿಸುವ ಹಾಡು ಹೊತ್ತುಹೊತ್ತಿಗೆ ಮೊಳಗಿತು; ಎಲ್ಲವೂ ಬೋರ್ಗಲ್ಲ ಮೇಲೆ ಮಳೆ ಸುರಿದಂತಾಯಿತು. ನೀರು ಸಿಗದೇ ಹೋದೀತೆಂಬ ಭಯಕ್ಕೆ ಜನ ಕಂಡಕಂಡ ಪಾತ್ರೆಗಳನ್ನೆಲ್ಲ ತುಂಬಿಸಿ, ಮಾರನೆಯ ದಿನ ಚೆಲ್ಲಿ ಮತ್ತೆ ತುಂಬಿಸಿದರು. ಕೊನೆಯ ಬೀದಿಗಳಿಗೆ ಗಾಳಿ ಮಾತ್ರ ಬಂತು. ಆಗ ನಿರ್ದೇಶಕರು ಮೀಟರ್ ವಿಭಾಗಕ್ಕೆ ತಾವೇ ಇಳಿದು ಬಂದರು. ಅವರ ದೊಡ್ಡತನವನ್ನೂ ಇಲ್ಲಿ ಮರೆಯಬಾರದು.

“ಏನಾದ್ರೂ ಬರೀರಿ” ಎಂದರು.

“ಬರೆದಾಗಿದೆ ಸಾರ್” ಎಂದರು ಹನಿಯಕ್ಕ. “ಹಳೇದನ್ನೇ ಹಾಕಿ. ಒಂದಕ್ಷರ ಸೇರಿಸ್ಬೇಡಿ. ಮುಂಚೆ ಜಲಾಶಯದ ಸುದ್ದಿ ಹೇಳಿ, ಆಮೇಲೆ ಹಾಡು ಬಿಡಿ. ನೀನು ಅಂದ್ರೆ ಯಾರು ಅಂತ ಹೇಳೋಕೆ ಹೋಗ್ಬೇಡಿ.”

ಬೆಳಗಿನ ರೇಡಿಯೋದಲ್ಲಿ ಜಲಾಶಯದ ಕಾವಲುಗಾರರು ತಮ್ಮದೇ ಮಾತಿನಲ್ಲಿ ನೀರು ಎಲ್ಲಿಗಿಳಿದಿದೆಯೆಂದು ಹೇಳಿದರು. ಹಿಂದೆಯೇ ಟೆಲಿಫೋನ್ ತಂಗಿಯ ದನಿ, ಪೆಟ್ಟಿಗೆ ಮೇಷ್ಟ್ರ ನಿಧಾನ. ಅಪ್ಪನಿಗೆ, ತಮ್ಮನಿಗೆ, ಜೊತೆಗೆಲಸದವರಿಗೆ, ತಮಗೇ ಹಾಡಿಕೊಂಡು ನಾಲಿಗೆಯಲ್ಲಿ ಪಳಗಿಹೋಗಿದ್ದ ಮಾತುಗಳು ಅಂದು ಮೊತ್ತಮೊದಲ ಬಾರಿಗೆ ನೀರಿಗೂ ಸಂದವು. ಪ್ರೀತಿಪಾತ್ರರನ್ನೆಲ್ಲ ಉಳಿಸಿಕೊಳ್ಳಲು ಬಳಸಿದ ಹಾಡನ್ನು ಕೇಳುತ್ತ ಯಾರು ತಾನೇ ನಲ್ಲಿಯನ್ನು ಸುಮ್ಮನೆ ಹರಿಯಬಿಟ್ಟಾರು? ಜನ ಎದ್ದರು, ನಿಲ್ಲಿಸಿದರು. ಮೇಲಿನ ಬೀದಿಗಳವರು ಪಾತ್ರೆ ಹಿಡಿಯುವುದನ್ನು ಬಿಟ್ಟರು. ದೊಡ್ಡಾಸ್ಪತ್ರೆಯ ದಾದಿ ಗುಣವಾದವರನ್ನು ಕಟ್ಟಿಕೊಂಡು ಬೀದಿಬೀದಿ ತಿರುಗಿ, ತೊಟ್ಟಿಕ್ಕುವ ನಲ್ಲಿಗಳನ್ನು ಪತ್ತೆಹಚ್ಚಿಸಿದರು. ಕ್ರೇನ್ ಚಾಲಕನೇ ಆ ತಂಡದ ಮುಂದಾಳು, ಕೈಯಲ್ಲಿ ಹನಿಯಕ್ಕ ಕೊಟ್ಟ ಪಾನಾ. ಕೆಲವೇ ದಿನಗಳೊಳಗೆ ಪಂಪ್‌ಹೌಸಿನಿಂದ ಕರೆ ಬಂತು. ಟೆಲಿಫೋನ್ ತಂಗಿ ಅದನ್ನು ಜೋಡಿಸುವುದನ್ನೂ ಮರೆತು, ಹೆಡ್‌ಫೋನು ಕಿತ್ತೆಸೆದು ಮೆಟ್ಟಿಲಲ್ಲೇ ನಿಂತು ಕೂಗಿದರು: “ಅಕ್ಕಾ! ಕೊನೇ ಬೀದಿಗೆ ನೀರು ಹತ್ತಿದೆ!”

ಕಚೇರಿಯ ಮಹಡಿ ಮಹಡಿಗಳಿಂದ ಚಪ್ಪಾಳೆ ಎದ್ದಿತು. ಇಂಜಿನಿಯರರು, ಗುಮಾಸ್ತರು, ಮೀಟರ್ ಓದುವವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಿರ್ದೇಶಕರು ಎಲ್ಲರೆದುರು ಹನಿಯಕ್ಕನವರಿಗೆ ಕೈಮುಗಿದು, “ಹಾಡಲ್ಲಿ ನಲ್ಲಿ ಎಲ್ಲಿದೆ ಅಂತ ಕೇಳಿದ್ದೆ. ಊರೆಲ್ಲಾ ಇದೆ” ಎಂದರು. ಮಳೆ ಬರುವವರೆಗೂ ಆ ನೀರು ಊರನ್ನು ದಾಟಿಸಿತು.

ಪ್ರಚಾರ ವಿಭಾಗದ ಮುಖ್ಯಸ್ಥೆಯಾಗಿ ಮರಳಿದ ಮೇಲೆ ಅವರು ಬರೆದ ಹಾಡುಗಳು ಅಸಂಖ್ಯ. ಬೆಳೆಸಿದ ಬರಹಗಾರರೂ ಹಲವರು. ಪ್ರತಿ ಹಾಡಿನ ಪ್ರಕಟಣೆಯಲ್ಲೂ ತಮ್ಮ ಹೆಸರಿಗಿಂತ ಮೊದಲು ಪೆಟ್ಟಿಗೆ ಮೇಷ್ಟ್ರ ಹೆಸರು ಬರುವಂತೆ ನೋಡಿಕೊಂಡರು. ಆ ಹಿರಿಯರ ಕಿವಿ ಮಂದವಾದಾಗ, ಹೊಸ ಮಟ್ಟುಗಳನ್ನು ಅವರ ಅಂಗೈ ಮೇಲೆ ತಟ್ಟಿ ತಿಳಿಸಿ ಕೊನೆಯವರೆಗೂ ಕೆಲಸದಲ್ಲಿ ಉಳಿಸಿಕೊಂಡರು. ಹೊಸದಾಗಿ ಬಂದವರಿಗೆ ಅವರು ಹಾಕಿದ ಪದ್ಧತಿ ಒಂದೇ: ಬರೆದದ್ದನ್ನು ಮೊದಲು ಬೀದಿಗೆ ಒಯ್ದು ಹಾಡಿ ತೋರಿಸಬೇಕು, ಕೇಳಿದವರಿಗೆ ಏನು ತಿಳಿಯಿತೆಂದು ವಿಚಾರಿಸಬೇಕು, ಅವರು ಏನೇ ಹೇಳಿದರೂ ತಿದ್ದಬಾರದು. “ತಿದ್ದೋದಿದ್ರೆ ಹಾಡು ತಿದ್ದಿ. ಕೇಳೋರನ್ನ ತಿದ್ದೋಕೆ ಹೋಗಿ ನಾನು ವಾಷರ್ ಬರೆದವಳು” ಎನ್ನುತ್ತಿದ್ದರು.

ಈಗ ನಿವೃತ್ತರಾಗುತ್ತಿದ್ದರೂ ಅವರ ಲೇಖನಿ ಸುಮ್ಮನಿಲ್ಲವೆಂದು ತಿಳಿದು ನಮಗೆ ಆನಂದವಾಗಿದೆ. ನೆಲದಡಿಯ ಹಳೆಯ ಕಬ್ಬಿಣದ ಕೊಳವೆಗಳ ತುಕ್ಕಿನ ಮೇಲೆ ಅವರೊಂದು ಹಾಡು ಬರೆಯುತ್ತಿದ್ದಾರೆ. ಇನ್ನೂ ಎರಡು ಸಾಲಷ್ಟೇ ಆಗಿದೆ. ಅದನ್ನು ಕೇಳಿದ ಟೆಲಿಫೋನ್ ತಂಗಿ ಇದು ತಮ್ಮ ಯಜಮಾನರನ್ನು ಕುರಿತದ್ದೇ ಎಂದು ತೀರ್ಮಾನಿಸಿ ಅವರಿಗೆ ಹಾಡಿಯೂ ಬಿಟ್ಟಿದ್ದಾರೆ. ಯಜಮಾನರು ಮೆಚ್ಚಿಕೊಂಡರಂತೆ. ಹನಿಯಕ್ಕನವರು ಅಲ್ಲವೆಂದು ಹೇಳಲಿಲ್ಲ. ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಮಂಡಿಗಳೂ ನೆಮ್ಮದಿಯ ಮುಂಜಾನೆಗಳೂ ಒದಗಲಿ. ಅವರು ತಮಗೆ ತೋಚಿದ್ದನ್ನು ಇನ್ನೂ ಬಹುಕಾಲ ಬರೆಯುತ್ತಿರಲಿ. ನಾವು ನಮಗೆ ಬೇಕಾದದ್ದನ್ನು ಅದರಲ್ಲಿ ಕೇಳಿಸಿಕೊಳ್ಳುತ್ತಲೇ ಇರುವಂತಾಗಲಿ.